ವರದಿ ದಪ್ಪ, ಗೋಡೆ ಒದ್ದೆ

ಕೇಳುಗರಿಗೆ ನಮಸ್ಕಾರ.

ಮನೆ ಕೊಳ್ಳುವ ಮುಂಚೆ ಅದನ್ನು ತಪಾಸಣೆ ಮಾಡಿ ವರದಿ ಕೊಡುವ ಕಂಪನಿಗಳಿವೆ. ನಾವೂ ಒಂದು ಕಂಪನಿಯಿಂದ ಮಾಡಿಸಿದೆವು. ವರದಿ ಬಂತು. ಒಳ್ಳೆ ದಪ್ಪ ವರದಿ. ಅದರಲ್ಲಿ ಏನಿರಲಿಲ್ಲ ಹೇಳಿ! ಕಿಟಕಿಯ ಚಿಲಕ ಸಡಿಲ. ಅಡುಗೆಮನೆ ಕಪಾಟಿನ ಬಾಗಿಲಿಗೆ ಗೀರು. ಹಾಲಿನ ಒಂದು ಸ್ವಿಚ್ಚು ಓರೆ. ಒಂದೇ ಗೀರಿಗೆ ಹತ್ತಿರದಿಂದ ಒಂದು ಫೋಟೊ, ದೂರದಿಂದ ಇನ್ನೊಂದು, ಎರಡಕ್ಕೂ ಕೆಂಪು ಬಾಣ. ಓದಿದವರಿಗೆ ಇವರು ಮನೆಯ ಮೂಲೆಮೂಲೆಯನ್ನೂ ಜಾಲಾಡಿದ್ದಾರೆ ಅನ್ನಿಸಬೇಕು, ಹಾಗಿತ್ತು.

ಅದರಲ್ಲಿ ಇಲ್ಲದೇ ಇದ್ದದ್ದು ಒಂದೇ. ಮಲಗುವ ಕೋಣೆಯ ಗೋಡೆ ನೀರು ಕುಡಿಯುತ್ತಿದೆ ಅನ್ನುವುದು.

ವಾಸಕ್ಕೆ ಬಂದ ಮೇಲೆ ಆ ಗೋಡೆಯ ಬುಡದಲ್ಲಿ ಬಣ್ಣ ಗುಳ್ಳೆ ಎದ್ದಿತು. ಬೆರಳಲ್ಲಿ ಒತ್ತಿದರೆ ಗುಳ್ಳೆ ಒಡೆದು ಒದ್ದೆ ಗಾರೆ ಉದುರಿತು. ಉದುರಿದ ಜಾಗದಲ್ಲಿ ಬಿಳಿ ಉಪ್ಪು, ನೆಲದಿಂದ ಒಂದು ಗೇಣು ಎತ್ತರದವರೆಗೆ. ಗೋಡೆಯ ಆ ಕಡೆ ಬಚ್ಚಲು. ಉಪ್ಪು ಒಂದು ವಾರದಲ್ಲಿ ಅಷ್ಟು ಹರಡುವುದಿಲ್ಲ. ನೀರು ನೆನೆದು, ಆರಿ, ಮತ್ತೆ ನೆನೆದು, ಗಾರೆಯೊಳಗಿನ ಲವಣ ಮೇಲಕ್ಕೆ ಬಂದು ಕೂರಬೇಕು. ಅಂದರೆ ಕಾಯಿಲೆ ಹಳೆಯದು. ಮೇಲೆ ಬಳಿದ ಬಣ್ಣ ಮಾತ್ರ ಹೊಸದು.

ತಪಾಸಣೆಯ ದಿನ ನಾನು ಅಲ್ಲೇ ಇದ್ದೆ. ಬಂದವರ ಕೈಯಲ್ಲಿ ಥರ್ಮಲ್ ಕ್ಯಾಮೆರಾ ಇತ್ತು. ಗೋಡೆಗೆ ಹಿಡಿದು, ಪರದೆಯ ಮೇಲೆ ನೀಲಿ, ಹಳದಿ ತೋರಿಸಿ, 'ತೇವ ಇಲ್ಲ' ಎಂದರು. ಈ ಕ್ಯಾಮೆರಾ ಬಗ್ಗೆ ಸ್ವಲ್ಪ ಹೇಳಬೇಕು. ಅದು ಗೋಡೆಯ ಒಳಗೆ ಇಣುಕುವುದಿಲ್ಲ. ನೀರನ್ನೂ ನೋಡುವುದಿಲ್ಲ. ಗೋಡೆಯ ಮೇಲ್ಮೈ ಎಲ್ಲಿ ಬಿಸಿ, ಎಲ್ಲಿ ತಂಪು ಅನ್ನುವುದಷ್ಟೇ ಅದಕ್ಕೆ ಗೊತ್ತು. ಒದ್ದೆ ಜಾಗದಿಂದ ನೀರು ಆವಿಯಾಗುವಾಗ ಅಲ್ಲಿ ಕೊಂಚ ತಂಪಾಗಿರುತ್ತದೆ, ಅದು ಬಣ್ಣವಾಗಿ ಕಾಣುತ್ತದೆ. ನಾವು ನೋಡಿದ ಮನೆ ಬೀಗ ಹಾಕಿ ಖಾಲಿ ಬಿಟ್ಟಿದ್ದು. ಬಚ್ಚಲಲ್ಲಿ ಎಷ್ಟೋ ಕಾಲದಿಂದ ನೀರು ಬಿದ್ದಿಲ್ಲ. ಆರಿದ ಗೋಡೆಗೆ ಕ್ಯಾಮೆರಾ ಹಿಡಿದರೆ ಏನು ಕಂಡೀತು? ಅರ್ಧ ಗಂಟೆ ನಲ್ಲಿ ತೆರೆದಿಟ್ಟು, ಸ್ವಲ್ಪ ಹೊತ್ತು ಬಿಟ್ಟು ನೋಡಿದ್ದರೆ ಸುಳಿವಾದರೂ ಸಿಗುವ ಸಾಧ್ಯತೆ ಇತ್ತು. ಅವರು ನಲ್ಲಿ ತಿರುಗಿಸಿದರು, ನೀರು ಬಂತು, ನಿಲ್ಲಿಸಿದರು. 'ನೀರಿನ ಒತ್ತಡ ಸರಿಯಿದೆ' ಎಂದು ಬರೆದುಕೊಂಡರು.

ಎರಡು ಸೂಜಿಯ ತೇವ ಮೀಟರ್ ಕೂಡ ತಂದಿದ್ದರು. ಅದು ಸೂಜಿಗಳ ನಡುವೆ ವಿದ್ಯುತ್ ಎಷ್ಟು ಸಲೀಸಾಗಿ ಹರಿಯುತ್ತದೆ ಅಂತ ಅಳೆಯುತ್ತದೆ. ಅದನ್ನು ಚುಚ್ಚಿದ್ದು ಎದೆಮಟ್ಟದಲ್ಲಿ. ಬಗ್ಗಿ ಗೋಡೆಯ ಬುಡಕ್ಕೆ ಚುಚ್ಚಲಿಲ್ಲ. ಬಚ್ಚಲ ನೆಲದ ನೀರು ಪಕ್ಕದ ಕೋಣೆಯಲ್ಲಿ ಮೊದಲು ತೋರುವುದು ಬುಡದಲ್ಲೇ ಅಲ್ವಾ?

ನ್ಯಾಯವಾಗಿ ಹೇಳಬೇಕೆಂದರೆ, ಕರೆಂಟಿನ ಕೆಲಸ ನೋಡಿದ ಹುಡುಗ ಚೆನ್ನಾಗಿ ನೋಡಿದ. ಒಂದು ಸಾಕೆಟ್ಟಿಗೆ ಅರ್ಥಿಂಗ್ ಇಲ್ಲದ್ದನ್ನು ಅವನೇ ಹಿಡಿದದ್ದು. ಆದರೆ ವರದಿಯಲ್ಲಿ ಅದಕ್ಕೂ ಒಂದು ಕೆಂಪು ಬಾಣ, ಕಪಾಟಿನ ಗೀರಿಗೂ ಒಂದು ಕೆಂಪು ಬಾಣ. ಒಂದು ಜೀವ ತೆಗೆಯಬಹುದಾದದ್ದು, ಇನ್ನೊಂದು ಸುಮ್ನೆ ಚಂದಕ್ಕೆ ಸಂಬಂಧಪಟ್ಟದ್ದು. ಬಿರುಕುಗಳದ್ದೂ ಅದೇ ಕತೆ. ಪ್ಲಾಸ್ಟರ್ ಒಣಗುವಾಗ ಬೀಳುವ ಕೂದಲೆಳೆ ಬಿರುಕು ಬೇರೆ, ಬಾಗಿಲ ಮೂಲೆಯಿಂದ ಓರೆಯಾಗಿ ಹೊರಟು ದಿನದಿನಕ್ಕೆ ಅಗಲವಾಗುವ ಬಿರುಕು ಬೇರೆ. ವರದಿಯಲ್ಲಿ ಎರಡೂ 'ಬಿರುಕು', ಅಷ್ಟೇ. ತೂಗಿ ಹೇಳುವುದಕ್ಕೆ ತಾನೇ ನಾವು ದುಡ್ಡು ಕೊಡುವುದು? ನಂಬರ್ ಹಾಕುವುದಕ್ಕಲ್ಲ.

ದೂರು ಬರೆದಾಗ ಕಂಪನಿ ತೋರಿಸಿದ್ದು ಕೊನೆಯ ಪುಟ. ಸಣ್ಣ ಅಕ್ಷರದಲ್ಲಿ ಮೂರು ಮಾತಿವೆ. ಕಣ್ಣಿಗೆ ಕಂಡಷ್ಟನ್ನೇ ನೋಡುತ್ತೇವೆ. ಯಾವುದನ್ನೂ ಒಡೆಯುವುದಿಲ್ಲ, ಬಿಚ್ಚುವುದಿಲ್ಲ. ನಮ್ಮ ಹೊಣೆ ನೀವು ಕೊಟ್ಟ ಶುಲ್ಕಕ್ಕಿಂತ ಜಾಸ್ತಿ ಆಗುವುದಿಲ್ಲ. ಮೊದಲ ಎರಡು ಮಾತನ್ನು ನಾನು ಒಪ್ಪುತ್ತೇನೆ. ಇನ್ನೂ ಮಾರಾಟವಾಗದ ಮನೆಯ ಗೋಡೆಯನ್ನು ಯಾರು ಒಡೆಯಲು ಬಿಡುತ್ತಾರೆ? ಈ ಬಗೆಯ ತಪಾಸಣೆಗೆ ಎಲ್ಲ ಕಡೆಯೂ ಈ ಮಿತಿ ಇದ್ದದ್ದೇ. ನನ್ನ ತಕರಾರು ಬೇರೆ. 'ಬಚ್ಚಲಲ್ಲಿ ನೀರು ಕಟ್ಟಿ ಪರೀಕ್ಷೆ ಮಾಡಿಲ್ಲ' ಎಂಬ ಒಂದು ಸಾಲು ಮೊದಲ ಪುಟದಲ್ಲಿದ್ದಿದ್ದರೆ, ಆ ಪರೀಕ್ಷೆ ಮಾಡಿಸಿಯೇ ನಾವು ಮುಂದುವರಿಯುತ್ತಿದ್ದೆವು. ನೋಡದ್ದನ್ನು ನೋಡಿಲ್ಲ ಎನ್ನುವ ಬದಲು ಆ ಜಾಗದಲ್ಲಿ 'ತೃಪ್ತಿಕರ' ಎಂದು ಬರೆದಿದ್ದಾರೆ. ಅದನ್ನು ಮಿತಿ ಅನ್ನಲಾಗದು.

ಇನ್ನೊಂದು ವಿಷಯ. ಈ ಕಂಪನಿಯ ಹೆಸರು ಕೊಟ್ಟದ್ದು ಮಾರಾಟ ಮಾಡಿಸಿದ ದಲ್ಲಾಳಿ. ವ್ಯಾಪಾರ ಕುದುರಿದರೆ ಅವರಿಗೆ ದುಡ್ಡು. ವ್ಯಾಪಾರ ಮುರಿಯುವಂಥ ವರದಿ ಕೊಡುವವರನ್ನು ಅವರು ಮತ್ತೆ ಮತ್ತೆ ಕರೆಯುತ್ತಾರೆಯೇ? ನಮ್ಮ ವಿಷಯದಲ್ಲಿ ಹಾಗೇ ಆಯಿತು ಎನ್ನಲು ನನ್ನ ಬಳಿ ಆಧಾರವಿಲ್ಲ. ಇನ್ನೊಮ್ಮೆ ಮನೆ ಕೊಂಡರೆ ತಪಾಸಣೆಯವರನ್ನು ನಾನೇ ಹುಡುಕುತ್ತೇನೆ, ಅವರು ಬೇರೆಯವರಿಗೆ ಕೊಟ್ಟ ಹಳೆಯ ವರದಿಯೊಂದನ್ನು ಮೊದಲು ಕೇಳಿ ಓದುತ್ತೇನೆ.

ಸೋರಿಕೆ ಸಿಕ್ಕಿತು. ಪ್ಲಂಬರ್ ಮೊದಲು ಎಲ್ಲ ನಲ್ಲಿಗಳನ್ನೂ ಮುಚ್ಚಿ ನೀರಿನ ಮೀಟರ್ ನೋಡಿದರು. ಮುಳ್ಳು ಅಲ್ಲಾಡಲಿಲ್ಲ. ಅಲ್ಲಿಗೆ ನೀರು ಬರುವ ಪೈಪಿನ ಮೇಲಿದ್ದ ಅನುಮಾನ ಕಳೆಯಿತು. ಆಮೇಲೆ ಬಚ್ಚಲ ಜಾಲರಿಗೆ ಬಟ್ಟೆ ತುರುಕಿ, ನೆಲದ ಮೇಲೆ ಒಂದಿಷ್ಟು ನೀರು ಕಟ್ಟಿ, ನೀರಿನ ಮಟ್ಟಕ್ಕೆ ಪೆನ್ಸಿಲಿನಿಂದ ಗೆರೆ ಎಳೆದು 24 ಗಂಟೆ ಬಿಟ್ಟರು. ನೀರು ಗೆರೆಯಿಂದ ಕೆಳಗೆ ಇಳಿದಿತ್ತು, ಈ ಕಡೆ ಗೋಡೆಯ ಬುಡ ಕಪ್ಪಗಾಗಿತ್ತು. ಜಾಲರಿಯ ಸುತ್ತ ಗಾರೆ ಬಿಟ್ಟುಕೊಂಡಿದೆ, ಕೆಳಗಿನ ನೀರುತಡೆ ಪದರವೂ ಅಲ್ಲಿ ಹರಿದಿದೆ. ಟೈಲ್ಸ್ ಕಿತ್ತು, ಪದರ ಹೊಸದಾಗಿ ಹಾಕಿ, ನೆಲಕ್ಕೆ ಸರಿಯಾಗಿ ವಾಟ ಕೊಟ್ಟು ಮತ್ತೆ ಟೈಲ್ಸ್ ಕೂರಿಸಬೇಕು.

ಕಂಪನಿಗೆ ಪ್ಲಂಬರ್ ತೆಗೆದ ಫೋಟೊಗಳನ್ನು ಕಳಿಸಿದ್ದೇನೆ. ಉತ್ತರ ಬಂದಿದೆ. ಮರುತಪಾಸಣೆಗೆ ಬರುತ್ತಾರಂತೆ. ಅದಕ್ಕೆ ಶುಲ್ಕ ಬೇರೆಯಂತೆ.

ನಮಸ್ಕಾರ.