ಗಂಟು ಹಾಕದ ಮಾಲೆ

ಕೇಳುಗರಿಗೆ ನಮಸ್ಕಾರ.

ಹೂ ಕಟ್ಟುವವರನ್ನು ನೋಡಿದ್ದೀರಲ್ಲ? ಕೊನೆಯ ಗಂಟು ಬೀಳುವವರೆಗೂ ಮಾಲೆ ಬೆಳೆಯುತ್ತಲೇ ಇರಬಹುದು. ಪಾಲಿಮರ್ ಕೂಡ ಇಂಥದ್ದೇ ಮಾಲೆ, ಸಣ್ಣ ಅಣುಗಳೇ ಅದರ ಹೂ. ಆದರೆ ಮಾಮೂಲಿ ವಿಧಾನದಲ್ಲಿ ಎಲ್ಲೆಂದರಲ್ಲಿ ಗಂಟು ಬೀಳುತ್ತದೆ. ಒಂದು ಮಾಲೆ ಮೊಳ, ಇನ್ನೊಂದು ಮಾರು.

1956ರಲ್ಲಿ ಅಮೆರಿಕದ ಸಿರಕ್ಯೂಸ್‌ನಲ್ಲಿ ಮೈಕೆಲ್ ಶ್ವಾರ್ಟ್ಸ್ ಈ ಗಂಟನ್ನೇ ತಪ್ಪಿಸಿದರು. ಗಾಳಿ, ನೀರಿನ ಪಸೆ ಸೋಕದ ಗಾಜಿನ ಪಾತ್ರೆ. ಒಳಗೆ ಸೋಡಿಯಂ ಮತ್ತು ನ್ಯಾಫ್ತಲೀನ್ ಸೇರಿದ ಹಸಿರು ದ್ರಾವಣ. ಹೌದು, ಬೀರುವಿನಲ್ಲಿ ಇಡುವ ಗುಳಿಗೆಯ ನ್ಯಾಫ್ತಲೀನೇ! ಅದಕ್ಕೆ ಸ್ಟೈರೀನ್ ಎಂಬ ಸಣ್ಣ ಅಣುವಿನ ಹೂ ಹಾಕಿದರೆ ಕೆಂಪಾಯಿತು. ಸ್ಟೈರೀನ್ ಮುಗಿದರೂ ಕೆಂಪು ಹೋಗಲಿಲ್ಲ, ಅಂದರೆ ಮಾಲೆಗೆ ಗಂಟು ಬಿದ್ದಿರಲಿಲ್ಲ. ಇನ್ನಷ್ಟು ಹಾಕಿದಾಗ ಹಳೆಯ ಮಾಲೆಗಳೇ ಮುಂದುವರಿದವು, ದ್ರಾವಣ ಮಂದವಾಯಿತು. ಇವನ್ನು ಅವರು ಜೀವಂತ ಪಾಲಿಮರ್ ಎಂದು ಕರೆದರು. ಎಲ್ಲ ಮಾಲೆಗಳೂ ಒಟ್ಟಿಗೆ ಶುರುವಾಗುವುದರಿಂದ ಉದ್ದವೂ ಹೆಚ್ಚುಕಡಿಮೆ ಒಂದೇ.

ಹೂ ಬದಲಿಸುವುದೂ ಈಗ ಸುಲಭ ಅಲ್ವಾ? ಮೊದಲು ಕನಕಾಂಬರ, ನಡುವೆ ಉದ್ದಕ್ಕೆ ಮಲ್ಲಿಗೆ, ಮತ್ತೆ ಕನಕಾಂಬರ. ಶ್ವಾರ್ಟ್ಸ್ ಅವರ ಶಿಷ್ಯ ರಾಲ್ಫ್ ಮಿಲ್ಕೊವಿಚ್ ಮುಂದೆ ಶೆಲ್ ಕಂಪನಿ ಸೇರಿದರು. ಅಲ್ಲಿ ಇದೇ ಜಾಡಿನಲ್ಲಿ ಎಸ್‌ಬಿಎಸ್ ಎಂಬ ಪಾಲಿಮರ್ ಬಂತು. ಎರಡೂ ತುದಿಯಲ್ಲಿ ಗಡಸು ಪಾಲಿಸ್ಟೈರೀನ್, ನಡುವೆ ಮೆತ್ತನೆಯ ರಬ್ಬರು. ಎರಡನ್ನೂ ಸುಮ್ನೆ ಕಲಸಿದರೆ ಎಣ್ಣೆ ನೀರಿನಂತೆ ಬೇರೆಯಾಗುತ್ತವೆ. ಇಲ್ಲಿ ದಾರ ಒಂದೇ, ಓಡಿಹೋಗಲು ಆಗುವುದಿಲ್ಲ. ಗಡಸು ತುದಿಗಳು ಅಲ್ಲಲ್ಲಿ ಗುಂಪುಗೂಡಿ ರಬ್ಬರನ್ನು ಹಿಡಿದುಕೊಳ್ಳುತ್ತವೆ. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಮೊದಲಿನಂತಾಗುತ್ತದೆ. ಚಪ್ಪಲಿಯ ಸೋಲ್‌ಗೂ ಬಳಸುತ್ತಾರೆ, ರಸ್ತೆಯ ಡಾಂಬರಿಗೂ ಬೆರೆಸುತ್ತಾರೆ.

ನನಗೆ ಇಷ್ಟವಾದದ್ದು ಬೇರೆ. ಟೈರಿನ ರಬ್ಬರಿನಲ್ಲಿ ಗಂಧಕದ ಬೆಸುಗೆ ಇರುತ್ತದೆ, ಕಾಯಿಸಿದರೆ ಕರಗುವುದಿಲ್ಲ. ಎಸ್‌ಬಿಎಸ್ ಕಾಯಿಸಿದರೆ ಗಡಸು ತುದಿಗಳು ಸಡಿಲವಾಗುತ್ತವೆ. ಉಳಿದ ಚೂರುಗಳನ್ನು ಕರಗಿಸಿ ಮತ್ತೆ ಅಚ್ಚಿಗೆ ಹೊಯ್ಯಬಹುದು. ಆದರೂ ಅದು ಪೆಟ್ರೋಲಿಯಂನಿಂದ ಬಂದದ್ದೇ, ಮಣ್ಣಿನಲ್ಲಿ ಕೊಳೆಯುವುದೂ ಇಲ್ಲ.

ಹಾಗಾದರೆ ಹೂವನ್ನೇ ಬದಲಿಸಿದರೆ? ಮೊಸರಿನ ಹುಳಿಗೆ ಕಾರಣವಾದ ಲ್ಯಾಕ್ಟಿಕ್ ಆಮ್ಲವನ್ನು ಮೆಕ್ಕೆಜೋಳ, ಕಬ್ಬಿನ ಸಕ್ಕರೆಯಿಂದ ಮಾಡಬಹುದು. ಅದರಿಂದ ಕಟ್ಟಿದ ಮಾಲೆಯೇ ಪಿಎಲ್‌ಎ. ಅದೂ ಮೋರಿಗೆ ಎಸೆದರೆ ಬೇಗ ಕೊಳೆಯುವುದಿಲ್ಲ. ಸುಮಾರು 60 ಡಿಗ್ರಿ ಬಿಸಿಯ ಗೊಬ್ಬರದ ಘಟಕ ಬೇಕು. 'ಕೊಳೆಯುತ್ತದೆ' ಎಂದು ಬರೆದ ಕವರ್ ನೋಡಿದಾಗ ಇದು ನೆನಪಿರಲಿ. ಮೇಲಾಗಿ ಪಿಎಲ್‌ಎ ಬಿರುಸು, ಬಗ್ಗಿಸಿದರೆ ಮುರಿಯುತ್ತದೆ.

ಅಮೆರಿಕದ ಮಿನೆಸೋಟ ವಿಶ್ವವಿದ್ಯಾಲಯದವರು ಈ ಪಿಎಲ್‌ಎಯನ್ನು ಮಾಲೆಯ ಎರಡು ತುದಿಗೆ ಇಟ್ಟರು. ನಡುವಿನ ಮೆತ್ತನೆಯ ಭಾಗಕ್ಕೆ ಹೂ ಸಿಕ್ಕಿದ್ದು ಮೆಂಥಾಲ್‌ನಿಂದ. ತಲೆನೋವಿಗೆ ಹಣೆಗೆ ಹಚ್ಚುವ ಮುಲಾಮಿನಲ್ಲಿ ತಣ್ಣಗೆ ಅನ್ನಿಸುತ್ತದಲ್ಲ, ಅದೇ ಮೆಂಥಾಲ್. ಎಳೆದು ನೋಡಿದರೆ ರಬ್ಬರಿನ ಹಾಗೇ ಹಿಗ್ಗಿತು.

ನಮಸ್ಕಾರ.