ಒಹಾಯೊ ರಾಜ್ಯವಾದ ಕತೆ

ಕೇಳುಗರಿಗೆ ನಮಸ್ಕಾರ.

ಬ್ರಿಟಿಷರನ್ನು ಸೋಲಿಸಿ ಸ್ವತಂತ್ರವಾದ ಅಮೆರಿಕದ ಕೈಗೆ 1783ರಲ್ಲಿ ದೊಡ್ಡ ಭೂಭಾಗ ಬಂತು. ಒಹಾಯೊ ನದಿಯ ಉತ್ತರಕ್ಕೆ, ಮಿಸಿಸಿಪ್ಪಿವರೆಗೂ ಹಬ್ಬಿದ ಕಾಡು. ಜೊತೆಗೆ ಯುದ್ಧದ ಸಾಲವೂ ತಲೆಯ ಮೇಲಿತ್ತು. ಭೂಮಿ ಮಾರಿದರೆ ಸಾಲ ತೀರುತ್ತೆ, ಸರಿ. ಆದರೆ ಅಲ್ಲಿಗೆ ಹೋಗಿ ನೆಲೆಸುವವರನ್ನು ಆಳೋದು ಯಾರು? ತಾವೇ ವಸಾಹತುವಾಗಿದ್ದು ಬಂಡೆದ್ದವರು, ಇನ್ನೊಂದು ವಸಾಹತು ಕಟ್ಟಿಕೊಂಡರೆ ಜನ ನಗೋದಿಲ್ವಾ?

ಮೊದಲು ಅಳತೆ ಶುರುವಾಯಿತು. 1785ರ ಕಾನೂನಿನಂತೆ ಮೋಜಣಿಯವರು ಸರಪಳಿ ಎಳೆಯುತ್ತಾ, ಗಡಿ ಸಾಲಿನ ಮರಗಳಿಗೆ ಕೊಡಲಿಯಿಂದ ಕಚ್ಚು ಹಾಕುತ್ತಾ ಕಾಡಿನೊಳಗೆ ನಡೆದರು. ಆರು ಮೈಲಿ ಉದ್ದ, ಆರು ಮೈಲಿ ಅಗಲದ ಚೌಕ. ಅದರೊಳಗೆ 36 ತುಂಡು, ಒಂದೊಂದೂ 640 ಎಕರೆ. 16ನೇ ತುಂಡು ಶಾಲೆಗೆ ಮೀಸಲು. ಒಂದೇ ಒಂದು ಮನೆ ಏಳುವ ಮೊದಲೇ ಶಾಲೆಗೆ ಜಾಗ! ಇದು ನನಗೆ ಬಹಳ ಇಷ್ಟವಾದ ಸಂಗತಿ.

1787ರ ಜುಲೈ 13ರಂದು ಆಡಳಿತದ ಕಾನೂನೂ ಬಂತು. ಈ ಪ್ರದೇಶದ ಹೆಸರು ವಾಯವ್ಯ ಟೆರಿಟರಿ. ಒಂದು ಲೆಕ್ಕಕ್ಕೆ ನಮ್ಮ ಕೇಂದ್ರಾಡಳಿತ ಪ್ರದೇಶದ ಹಾಗೆ. ಮೊದಲು ಕಾಂಗ್ರೆಸ್, ಅಂದರೆ ಅಲ್ಲಿನ ಸಂಸತ್ತು, ನೇಮಿಸಿದ ಗವರ್ನರ್, ಒಬ್ಬ ಕಾರ್ಯದರ್ಶಿ, ಮೂವರು ನ್ಯಾಯಾಧೀಶರು. ವಯಸ್ಕ ಗಂಡಸರು 5,000 ಆದರೆ ಚುನಾಯಿತ ಸಭೆ. ಜನಸಂಖ್ಯೆ 60,000 ಮುಟ್ಟಿದರೆ ರಾಜ್ಯ, ಅದೂ ಹಳೆಯ 13 ರಾಜ್ಯಗಳಿಗೆ ಸರಿಸಮ. ಗುಲಾಮಗಿರಿಗೆ ನಿಷೇಧ. ಈ ಎಣಿಕೆಯಲ್ಲಿ ಸ್ವತಂತ್ರರಷ್ಟೇ ಲೆಕ್ಕ, ಆ ನೆಲದಲ್ಲೇ ಬಾಳುತ್ತಿದ್ದ ಶಾನಿ, ಮಯಾಮಿ, ಡೆಲವೇರ್ ಜನ ಲೆಕ್ಕಕ್ಕೇ ಇಲ್ಲ.

ಅವರು ಸುಮ್ನೆ ಕೂರಲಿಲ್ಲ. 1791ರ ನವೆಂಬರ್ 4ರ ಮುಂಜಾನೆ ಲಿಟ್ಲ್ ಟರ್ಟಲ್, ಬ್ಲೂ ಜಾಕೆಟ್ ಎಂಬ ನಾಯಕರ ಮುಂದಾಳ್ತನದ ಪಡೆ ಗವರ್ನರ್ ಆರ್ಥರ್ ಸೇಂಟ್ ಕ್ಲೇರ್‌ನ ಸೈನ್ಯದ ಮೇಲೆ ಬಿತ್ತು. ಸತ್ತ ಸೈನಿಕರು 600ಕ್ಕೂ ಜಾಸ್ತಿ. ಮೂಲನಿವಾಸಿಗಳ ಕೈಯಲ್ಲಿ ಅಮೆರಿಕದ ಸೈನ್ಯ ಇಷ್ಟು ಕೆಟ್ಟದಾಗಿ ಇನ್ನೆಂದೂ ಸೋತಿಲ್ಲ. ಆದರೆ 1794ರಲ್ಲಿ ಜನರಲ್ ವೇಯ್ನ್ ಗೆದ್ದ. ಮರುವರ್ಷ ಗ್ರೀನ್‌ವಿಲ್ ಒಪ್ಪಂದದಲ್ಲಿ ಇಂದಿನ ಒಹಾಯೊದ ಬಹುಪಾಲು ನೆಲ ಮೂಲನಿವಾಸಿಗಳ ಕೈತಪ್ಪಿತು. ವಲಸಿಗರು ದೋಣಿಗಳಲ್ಲಿ ಬಂದಿಳಿದರು.

ಇನ್ನು ಜಗಳ ಬಿಳಿಯರ ನಡುವೆಯೇ. ಸೇಂಟ್ ಕ್ಲೇರ್ ಫೆಡರಲಿಸ್ಟ್ ಪಕ್ಷದವನು, ಬಿಗಿ ಮನುಷ್ಯ. 1799ರಲ್ಲಿ ಸೇರಿದ ಸಭೆ ಪಾಸು ಮಾಡಿದ ಮಸೂದೆಗಳನ್ನು ಒಂದರ ಹಿಂದೊಂದು ವೀಟೋ ಮಾಡಿದ, ಅಂದರೆ ತನ್ನ ಅಧಿಕಾರದಿಂದ ತಳ್ಳಿಹಾಕಿದ. ಸಯೋಟೋ ನದಿಯ ಗುಂಟ ಟೆರಿಟರಿಯನ್ನೇ ಸೀಳಿ, ರಾಜ್ಯವಾಗುವುದನ್ನು ಮುಂದಕ್ಕೆ ತಳ್ಳಲು ನೋಡಿದ. ಅದೇ ನದಿ ದಂಡೆಯ ಚಿಲಿಕಾಥಿ ಊರಿನ ಥಾಮಸ್ ವರ್ದಿಂಗ್ಟನ್, ಅವನ ಭಾವನೆಂಟ ಎಡ್ವರ್ಡ್ ಟಿಫಿನ್ ಮುಂತಾದವರು ಎದುರು ಪಕ್ಷದ ನಾಯಕ, 1801ರಿಂದ ದೇಶದ ಅಧ್ಯಕ್ಷನಾದ ಜೆಫರ್ಸನ್ ಕಡೆಯವರು. ವರ್ದಿಂಗ್ಟನ್ ರಾಜಧಾನಿಗೇ ಹೋಗಿ ಕೂತು ಕೆಲಸ ಮಾಡಿಸಿದ. 1800ರ ಜನಗಣತಿಯಲ್ಲಿ ಸಿಕ್ಕಿದ್ದು ಸುಮಾರು 45,000 ಜನ ಮಾತ್ರ. ಆದರೂ 1802ರ ಏಪ್ರಿಲ್‌ನಲ್ಲಿ ಕಾಂಗ್ರೆಸ್ ಒಪ್ಪಿಗೆ ಕೊಟ್ಟೇಬಿಟ್ಟಿತು. ಹೊಸ ರಾಜ್ಯ ಅಂದರೆ ಜೆಫರ್ಸನ್ ಪಕ್ಷಕ್ಕೆ ಹೊಸ ಮತಗಳು, ಅಲ್ವಾ?

ನವೆಂಬರ್‌ನಲ್ಲಿ ರಾಜ್ಯದ ಸಂವಿಧಾನ ಬರೆಯಲು 35 ಪ್ರತಿನಿಧಿಗಳು ಚಿಲಿಕಾಥಿಯಲ್ಲಿ ಸೇರಿದರು. ಸೇಂಟ್ ಕ್ಲೇರ್ ಅಲ್ಲಿಗೇ ಬಂದು ಕಾಂಗ್ರೆಸ್ಸಿನ ಕಾನೂನನ್ನು ಹೀಗಳೆದ. ಜೆಫರ್ಸನ್ ಅವನನ್ನು ಕೆಲಸದಿಂದ ಕಿತ್ತುಹಾಕಿದ. ಕಪ್ಪು ಗಂಡಸರಿಗೆ ಮತದ ಹಕ್ಕು ಕೊಡಬೇಕೇ ಅನ್ನುವ ಪ್ರಶ್ನೆಗೆ ಸಮಸಮ ಓಟು ಬಿತ್ತು. ಆ ಸಭೆಯ ಅಧ್ಯಕ್ಷನಾಗಿದ್ದ ಟಿಫಿನ್ ಬೇಡ ಅಂದ. ಅಲ್ಲಿಗೆ ಮುಗಿಯಿತು.

1803ರ ಮಾರ್ಚ್ 1ರಂದು ಹೊಸ ಶಾಸನಸಭೆ ಕೂಡಿತು, ಒಹಾಯೊ 17ನೇ ರಾಜ್ಯವಾಯಿತು. ಟಿಫಿನ್‌ನೇ ಮೊದಲ ಗವರ್ನರ್. ಆದರೆ ಸೇಂಟ್ ಕ್ಲೇರ್ ಮೇಲಿನ ಸಿಟ್ಟು ಸಂವಿಧಾನದೊಳಗೂ ಇಳಿದಿತ್ತು. ಗವರ್ನರ್‌ಗೆ ವೀಟೋ ಅಧಿಕಾರವನ್ನೇ ಇಡಲಿಲ್ಲ. ಒಹಾಯೊದ ಗವರ್ನರ್‌ಗೆ ಅದು ಸಿಕ್ಕಿದ್ದು 1903ರಲ್ಲಿ.

ನಮಸ್ಕಾರ.