4ಎಸ್ ಮೊದಲು ಇಳಿಯುತ್ತದೆ, ಏನೀಗ?

ನಮಸ್ಕಾರ. ಇವತ್ತು ಬೇರೆ ವಿಷಯ ಇತ್ತು, ಸ್ಕ್ರಿಪ್ಟೂ ರೆಡಿ ಇತ್ತು. ಅಷ್ಟರಲ್ಲಿ ಒಂದು ಕಾಮೆಂಟ್ ಕಣ್ಣಿಗೆ ಬಿತ್ತು. "ಸರ್, ಕಬ್ಬಿಣದಿಂದ ಎರಡು ಎಲೆಕ್ಟ್ರಾನ್ ತೆಗೆದರೆ 3ಡಿಯಿಂದಲೇ ಹೋಗಬೇಕು. 4ಎಸ್ ಮೊದಲು ತುಂಬಿದ್ದಲ್ವಾ? ನಿಮ್ಮ ವಿಡಿಯೋ ತಪ್ಪು." ಅದಕ್ಕೆ ಲೈಕುಗಳು ಬೇರೆ! (4ಎಸ್, 3ಡಿ ಅಂದರೆ ಪರಮಾಣುವಿನಲ್ಲಿ ಎಲೆಕ್ಟ್ರಾನುಗಳು ಕೂರುವ ಜಾಗಗಳ ಹೆಸರು. ಎಲೆಕ್ಟ್ರಾನ್ ಕಿತ್ತರೆ 4ಎಸ್‌ನದು ಮೊದಲು ಹೋಗುತ್ತದೆ ಅಂತ ನಾನು ಹೇಳಿದ್ದೆ.)

ಅಲ್ರೀ, ಬಸ್ಸಿಗೆ ಮೊದಲು ಹತ್ತಿದವನು ಕೊನೆಗೇ ಇಳಿಯಬೇಕು ಅಂತ ಯಾವ ಕಂಡಕ್ಟರ್ ಹೇಳಿದ್ದಾನೆ? ಬಾಗಿಲ ಹತ್ತಿರ ಇರುವವನು ಮೊದಲು ಇಳಿಯುತ್ತಾನೆ. 4ಎಸ್ ಹೊರಗಿನ ಕವಚದಲ್ಲಿದೆ, ಅಂದರೆ ಬಾಗಿಲ ಹತ್ತಿರ ಇದೆ.

ಯಾವ ಜಾಗ ಮೊದಲು ತುಂಬುತ್ತದೆ, ಯಾವುದು ಆಮೇಲೆ ಅಂತ ತೋರಿಸುವ ಆ ಓರೆ ಬಾಣಗಳ ಚಿತ್ರ, ಪಿಯುಸಿಯಲ್ಲಿ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೆದುಕೊಂಡದ್ದು, ಅದು ನೆನಪಿಟ್ಟುಕೊಳ್ಳುವ ಉಪಾಯ ಅಷ್ಟೇ. ಪೊಟ್ಯಾಸಿಯಂನಲ್ಲಿ 19ನೇ ಎಲೆಕ್ಟ್ರಾನಿಗೆ 4ಎಸ್‌ನಲ್ಲೇ ಶಕ್ತಿ ಕಡಿಮೆ, ಒಪ್ಪಿದೆ. 21ನೇ ಧಾತು ಸ್ಕ್ಯಾಂಡಿಯಂಗೆ ಬರುವಷ್ಟರಲ್ಲಿ ನ್ಯೂಕ್ಲಿಯಸ್ಸಿನ ಎಳೆತ ಜಾಸ್ತಿಯಾಗಿ 3ಡಿಯ ಶಕ್ತಿ 4ಎಸ್‌ಗಿಂತ ಕೆಳಗಿಳಿದಿರುತ್ತದೆ. (ಸಿನಿಮಾ ಕನ್ನಡಕದ 3ಡಿ ಅಲ್ಲ ಮಾರಾಯ್ರೇ.) ಹಾಗಾದರೆ 4ಎಸ್ ಯಾಕೆ ಖಾಲಿ ಇಲ್ಲ? 3ಡಿ ಇಕ್ಕಟ್ಟು, ಅಲ್ಲಿ ಎಲೆಕ್ಟ್ರಾನುಗಳು ಒಂದನ್ನೊಂದು ಜೋರಾಗಿ ತಳ್ಳುತ್ತವೆ, ಎರಡು ಹೊರಗೆ 4ಎಸ್‌ನಲ್ಲಿ ಕೂತರೆ ಒಟ್ಟು ಶಕ್ತಿ ಕಡಿಮೆಯಾಗುತ್ತದೆ. ಲೆಕ್ಕ ಇಡೀ ಬಸ್ಸಿನದು, ಒಂದು ಸೀಟಿನದಲ್ಲ! ಕಬ್ಬಿಣದ 3ಡಿಯಲ್ಲಿ ಆರು, 4ಎಸ್‌ನಲ್ಲಿ ಎರಡು. ಕಿತ್ತರೆ ಹೋಗುವುದು ಆ ಎರಡೇ. ಉಳಿದದ್ದು 3ಡಿ ಆರು. ಬಾಗಿಲು, ಬಾಗಿಲು, ಬಾಗಿಲು.

"ಸರ್, ಬಾಣ ಹಾಕಿದರೆ ಮಾರ್ಕ್ಸ್ ಬರುತ್ತೆ." ಬರಲಿ, ಸಂತೋಷ. ಕ್ರೋಮಿಯಂ ಕೇಳಿದರೆ? ಬಾಣದ ಪ್ರಕಾರ 4ಎಸ್‌ನಲ್ಲಿ ಎರಡು, ಇರುವುದು ಒಂದೇ. ತಾಮ್ರ? ಅಲ್ಲೂ ಒಂದೇ. "ಅವೆರಡು ಅಪವಾದ ಸರ್." ಓಹೋ, ಎರಡೇನಾ? ಪೆಲ್ಲಾಡಿಯಂ ತಗೊಳ್ಳಿ, 46 ಎಲೆಕ್ಟ್ರಾನ್, ನಿಮ್ಮ ಬಾಣದ ಪ್ರಕಾರ 5ಎಸ್‌ನಲ್ಲಿ ಎರಡಿರಬೇಕು. ಇರುವುದು ಸೊನ್ನೆ! 4ಡಿಯಲ್ಲಿ ಹತ್ತೂ ಭರ್ತಿ, 5ಎಸ್ ಖಾಲಿ ಹೊಡೆಯುತ್ತಿದೆ. ಬಾಣ ಎಲ್ಲಿಗೆ ಹೋಯಿತು?

ಅಂದಹಾಗೆ ಲ್ಯಾಂಥನೈಡ್ ಎಂಬ ಧಾತುಗಳ ಗುಂಪಿನ ವಿಡಿಯೋ ಮುಂದಿನ ವಾರ, ಸಬ್‌ಸ್ಕ್ರೈಬ್ ಮಾಡದವರು ಮಾಡಿ, ಬೆಲ್ ಒತ್ತಿ. ಅಲ್ಲೂ ಬಾಣ ಹಿಡ್ಕೊಂಡು ಬಂದರೆ ನಾನು ಜವಾಬ್ದಾರನಲ್ಲ. ನಮ್ಮಮ್ಮ ಒಳಗಿಂದ ಕೂಗುತ್ತಿದ್ದಾರೆ, ಯಾರ ಹತ್ತಿರ ಜಗಳ ಅಂತ. ಬಾಣದ ಹತ್ತಿರ ಅಮ್ಮಾ!

ಇನ್ನೂ ಮೂರು ಕಾರಣ ಬರೆದುಕೊಂಡಿದ್ದೆ. ಬೇಡ ಬಿಡಿ, ಕಾಫಿ ಆರುತ್ತಿದೆ. ಕಾಮೆಂಟ್ ಹಾಕಿದ ಪುಣ್ಯಾತ್ಮರೇ, ಮೊದಲು ಪೆಲ್ಲಾಡಿಯಂಗೆ ಉತ್ತರ ಕೊಡಿ, ಆಮೇಲೆ ಮಾತಾಡೋಣ.